ನಿದ್ದೆಯಲ್ಲಿ ನಿಲ್ಲುವ ಉಸಿರು: ಯಂತ್ರಕ್ಕೆ ಮುನ್ನ ಪರೀಕ್ಷೆ ಅಗತ್ಯ

ಕೊಪ್ಪಳ: ನಿದ್ದೆಯಲ್ಲಿ ಉಸಿರು ನಿಲ್ಲುವುದು ಎರಡು ಬಗೆ. ಗಂಟಲಿನ ಮಾರ್ಗ ಮುಚ್ಚಿಕೊಂಡು, ಜೋರು ಗೊರಕೆಯೊಡನೆ ಕಾಣಿಸಿಕೊಳ್ಳುವುದು ಒಂದು. ಗಂಟಲಿನಲ್ಲಿ ತಡೆಯಿಲ್ಲದಿದ್ದರೂ ಮೆದುಳಿನಿಂದ ಉಸಿರಾಟದ ಆಜ್ಞೆ ಬಾರದೆ ಎದೆಯ ಚಲನೆಯೇ ಸ್ತಬ್ಧವಾಗುವುದು ಇನ್ನೊಂದು. ಈ ಎರಡನೆಯದೇ ಸೆಂಟ್ರಲ್ ಸ್ಲೀಪ್ ಆಪ್ನಿಯಾ. ವಯಸ್ಕರಲ್ಲಿ ಉಸಿರು ಕನಿಷ್ಠ 10 ಸೆಕೆಂಡು ನಿಂತರೆ ಅದನ್ನು ಒಂದು ಘಟನೆಯೆಂದು ಎಣಿಸಲಾಗುತ್ತದೆ.

ಕಾರಣಗಳೇನು?

ಹೃದಯ ವೈಫಲ್ಯ, ಪಾರ್ಶ್ವವಾಯು, ಮೂತ್ರಪಿಂಡ ವೈಫಲ್ಯ ಹಾಗೂ ಅಫೀಮು ಮೂಲದ ನೋವುನಿವಾರಕಗಳ ದೀರ್ಘ ಬಳಕೆ ಪ್ರಮುಖ ಕಾರಣಗಳು. ಆದ್ದರಿಂದ ಮೂಲ ರೋಗದ ಚಿಕಿತ್ಸೆಯೇ ಮೊದಲ ಹೆಜ್ಜೆ. ಹೃದ್ರೋಗಿಗಳಲ್ಲಿ ಉಸಿರು ಕ್ರಮೇಣ ಏರಿ, ಇಳಿದು, ನಿಂತು, ಮತ್ತೆ ಏರುತ್ತದೆ. ರೋಗಿಗೆ ಇದರ ಅರಿವಿರುವುದಿಲ್ಲ, ಗಮನಿಸುವವರು ಮನೆಯವರೇ. ಮೊಬೈಲಿನಲ್ಲಿ ಚಿತ್ರೀಕರಿಸಿ ವೈದ್ಯರಿಗೆ ತೋರಿಸುವುದು ಉಪಯುಕ್ತ.

ಯಾವ ಯಂತ್ರ, ಯಾರಿಗೆ?

ಶ್ವಾಸನಾಳಕ್ಕೆ ಕೊಳವೆ ಹಾಕದೆ ಮಾಸ್ಕ್ ಮೂಲಕ ಗಾಳಿಯ ಒತ್ತಡ ನೀಡುವುದು ಈ ಚಿಕಿತ್ಸೆಯ ಕ್ರಮ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸುಲ್ಲಿವಾನ್ ಪರಿಚಯಿಸಿದ ಸಿಪ್ಯಾಪ್ ಒಂದೇ ಸಮನಾದ ಒತ್ತಡ ನೀಡುತ್ತದೆ. ಕೆಲವರಿಗೆ ಇದೇ ಸಾಕಾಗುತ್ತದೆ. ಬೈಪ್ಯಾಪ್ ಉಸಿರೆಳೆಯುವಾಗ ಹೆಚ್ಚು, ಬಿಡುವಾಗ ಕಡಿಮೆ ಒತ್ತಡ ನೀಡುತ್ತದೆ. ಆದರೆ ರೋಗಿಯ ಉಸಿರನ್ನಷ್ಟೇ ಹಿಂಬಾಲಿಸುವ ಬೈಪ್ಯಾಪ್, ಉಸಿರು ನಿಂತಾಗ ತಾನೂ ಸುಮ್ಮನಿರುತ್ತದೆ, ತೊಂದರೆಯನ್ನು ಹೆಚ್ಚಿಸಲೂಬಹುದು. ಇಂಥವರಿಗೆ ನಿಗದಿತ ಗತಿಯಲ್ಲಿ ತಾನಾಗಿ ಉಸಿರು ನೀಡುವ ಯಂತ್ರ ಬೇಕು. ಉಸಿರಿನ ಏರಿಳಿತಕ್ಕೆ ತಕ್ಕಂತೆ ಒತ್ತಡ ಬದಲಿಸುವ ಎಎಸ್‌ವಿ ಮೂರನೆಯ ಬಗೆ.

ಎಚ್ಚರಿಕೆ

ಹೃದಯದ ರಕ್ತ ಪಂಪ್ ಮಾಡುವ ಪ್ರಮಾಣ ಶೇ 45 ಅಥವಾ ಅದಕ್ಕಿಂತ ಕಡಿಮೆಯಿದ್ದ 1,325 ರೋಗಿಗಳನ್ನು ಒಳಗೊಂಡ, 2015ರಲ್ಲಿ ಪ್ರಕಟವಾದ ಸರ್ವ್-ಎಚ್‌ಎಫ್ ಅಧ್ಯಯನದಲ್ಲಿ, ಎಎಸ್‌ವಿ ಬಳಸಿದವರಲ್ಲಿ ಹೃದಯ ಸಂಬಂಧಿ ಸಾವಿನ ಅಪಾಯ ಶೇ 34ರಷ್ಟು ಹೆಚ್ಚಿತ್ತು. ನಂತರದ ಅಡ್ವೆಂಟ್-ಎಚ್‌ಎಫ್ ಅಧ್ಯಯನದಲ್ಲಿ, ಬೇರೆ ಮಾದರಿಯ ಯಂತ್ರದಿಂದ ಅಂತಹ ಹಾನಿ ಕಾಣಲಿಲ್ಲ. ಆಯುಷ್ಯ ಹೆಚ್ಚಿದ್ದೂ ಕಂಡುಬರಲಿಲ್ಲ. ಹೀಗಾಗಿ ಎಎಸ್‌ವಿಗೆ ಮುನ್ನ ಎಕೋ ಪರೀಕ್ಷೆ ಅವಶ್ಯ.

ಜಿಲ್ಲೆಯ ರೋಗಿಗಳಿಗೆ

ಕೋವಿಡ್ ಕಾಲದಲ್ಲಿ ಬೈಪ್ಯಾಪ್ ಹೆಸರು ಮನೆಮಾತಾಯಿತು. ಆದರೆ ಒಬ್ಬರು ಬಳಸಿದ ಯಂತ್ರ ಇನ್ನೊಬ್ಬರಿಗೆ ಹೊಂದುತ್ತದೆಂಬುದು ತಪ್ಪು ಕಲ್ಪನೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾದ ರೋಗಿಗಳು ಸ್ಥಳೀಯ ವೈದ್ಯರ ಸಲಹೆಯಂತೆ ಮೊದಲು ಹೃದಯ ಹಾಗೂ ಮೂತ್ರಪಿಂಡದ ತಪಾಸಣೆ ಮಾಡಿಸಿಕೊಳ್ಳುವುದು ಸೂಕ್ತ. ರಾತ್ರಿಯಿಡೀ ನಡೆಯುವ ನಿದ್ರಾ ಪರೀಕ್ಷೆಯ ಸೌಲಭ್ಯ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಮನೆಯಲ್ಲಿ ಯಂತ್ರ ಬಳಸುವವರು ವಿದ್ಯುತ್ ಕಡಿತಕ್ಕೆ ಬ್ಯಾಟರಿ ವ್ಯವಸ್ಥೆ ಮಾಡಿಕೊಳ್ಳಬೇಕು; ದೂಳು ಹಿಡಿದ ಫಿಲ್ಟರ್ ಬದಲಿಸಬೇಕು; ತೇವಾಂಶದ ತೊಟ್ಟಿಗೆ ಕೊಳವೆಬಾವಿ ನೀರಿನ ಬದಲು ಡಿಸ್ಟಿಲ್ಡ್ ನೀರನ್ನೇ ಹಾಕಬೇಕು.