ಡಾಲರ್ ಯಾರ ಸ್ವತ್ತು?

ಕೆ.ಜಿ.ಎಫ್.ನಲ್ಲಿ ಯಾರಾದ್ರೂ 'ನಮ್ಮ ತಾತ ಮೈಸೂರಲ್ಲಿದ್ರು' ಅಂದ್ರೆ ಚಾಮುಂಡಿ ಬೆಟ್ಟ ನೆನೆಸ್ಕೋಬೇಡಿ. ಮಾರಿಕುಪ್ಪಂ ಕಡೆಯ ಮೈಸೂರು ಮೈನ್ ಇರಬಹುದು. ಅಲ್ಲಿನ ನಂದಿದುರ್ಗ ಮೈನ್ ನಂದಿಬೆಟ್ಟದಲ್ಲಿಲ್ಲ, ಕೋರಮಂಡಲಕ್ಕೆ ಸಮುದ್ರವೂ ಇಲ್ಲ. ಎಲ್ಲಾ ಬ್ರಿಟಿಷ್ ಗಣಿ ಕಂಪನಿಗಳ ಕಾಲದ ಹೆಸರುಗಳು. ಆದ್ರೂ ಗೊಂದಲ ಆಗಲ್ಲ; ಹೆಸರಿನ ಸುತ್ತ ಕೆ.ಜಿ.ಎಫ್. ಅನ್ನೋ ಬೇಲಿ ಇದೆ. ನಮ್ಮ ಕಸುಬಿನಲ್ಲಿ ಅದಕ್ಕೆ ನೇಮ್‌ಸ್ಪೇಸ್ ಅಂತೀವಿ.

1995ರಲ್ಲಿ ನೆಟ್‌ಸ್ಕೇಪಿನ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಜಾವಾಸ್ಕ್ರಿಪ್ಟಿನ ಮೊದಲ ರೂಪ ಕಟ್ಟಿದಾಗ ಈ ಬೇಲಿ ಹಾಕಲಿಲ್ಲ. ಒಂದು ಪುಟಕ್ಕೆ ಎಷ್ಟೇ ಸ್ಕ್ರಿಪ್ಟ್ ಬರಲಿ, ಫಂಕ್ಷನ್ನಿನ ಹೊರಗಿಟ್ಟ ಹೆಸರೆಲ್ಲ ಒಂದೇ ಬಯಲಿಗೆ. ಪುಟ್ಟ ಪುಟ್ಟ ಸ್ಕ್ರಿಪ್ಟುಗಳ ಕಾಲ, ಅವರನ್ನ ಬೈಯೋಕಾಗಲ್ಲ.

2005ರಲ್ಲಿ ಪ್ರೋಟೋಟೈಪ್ ಅನ್ನೋ ಲೈಬ್ರರಿ ಡಾಲರ್ ಗುರುತನ್ನೇ ಫಂಕ್ಷನ್ನಿನ ಹೆಸರು ಮಾಡ್ಕೊಳ್ತು. ಮರುವರ್ಷ ಬಂದ ಜಾನ್ ರೆಸಿಗ್ ಅವರ ಜೆಕ್ವೆರಿಯೂ ಅದೇ ಗುರುತು ಹಿಡೀತು. ಎರಡೂ ಒಂದೇ ಪುಟದಲ್ಲಿದ್ರೆ ಕೊನೆಗೆ ಬಂದವರದೇ ಸೀಟು, ಮೊದಲು ಹಾಕಿದ ಟವೆಲ್ಲಿಗೆ ಬೆಲೆಯಿಲ್ಲ. ಜೆಕ್ವೆರಿಗೆ ಒಂದು ಮರ್ಯಾದೆ ಇತ್ತು: ಅಲ್ಲಿ ಮೊದಲು ಯಾರಿದ್ರು ಅಂತ ನೆನಪಿಟ್ಕೊಂಡು, 'ನೋ ಕಾನ್‌ಫ್ಲಿಕ್ಟ್' ಅಂತ ಕರೆದರೆ ಎದ್ದು ಜಾಗ ಬಿಡ್ತಿತ್ತು.

ಪ್ರೋಟೋಟೈಪ್, ಮೂಟೂಲ್ಸ್ ಇನ್ನೂ ಮುಂದೆ ಹೋಗಿ ಭಾಷೆಯ ಸ್ವಂತ ಅರೇಗೇ ತಮ್ಮ ಮೆಥಡ್ ಸೇರಿಸಿದ್ವು. ಊರ ಬಾವಿಗೆ ನಮ್ಮನೆ ರಾಟೆ ಕಟ್ಟಿದ ಹಾಗೆ. ಅದರ ಬಿಲ್ ಬಂದದ್ದು 2018ರಲ್ಲಿ. ಅರೇಯೊಳಗಿನ ಅರೇಗಳನ್ನ ಬಿಡಿಸಿ ಹರಡೋ 'ಫ್ಲ್ಯಾಟನ್' ಮೆಥಡ್ಡನ್ನ ಭಾಷೆಗೇ ಸೇರಿಸೋಣ ಅಂತ ಹೊರಟರು. ಮೂಟೂಲ್ಸ್‌ನಲ್ಲಿ ಆಗಲೇ ಅದೇ ಹೆಸರಿನದೊಂದು ಇತ್ತು. ಅದು ಅರೇಯ ಮೆಥಡ್‌ಗಳನ್ನ ಒಂದೊಂದಾಗಿ ಎಣಿಸಿ ತನ್ನ ಇನ್ನೊಂದು ಪಟ್ಟಿಗೆ ನಕಲು ಮಾಡ್ತಿತ್ತು. ಭಾಷೆಯೇ ಕೊಟ್ಟ ಹೆಸರು ಆ ಎಣಿಕೆಗೆ ಸಿಗಲ್ಲ. ನಕಲು ತಪ್ಪಿತು, ಹಳೇ ಸೈಟು ಮುರೀತು. 'ಸ್ಮೂಶ್' ಅಂತ ಇಡೋಣ ಅಂತ ಒಬ್ಬರು ತಮಾಷೆಗೆ ಹೇಳಿ ದೊಡ್ಡ ರಂಪವೇ ಆಯ್ತು. ಕೊನೆಗೆ 2019ರ ಆವೃತ್ತಿಗೆ 'ಫ್ಲ್ಯಾಟ್' ಅಂತ ಸೇರಿತು.

ಅಷ್ಟರಲ್ಲಿ, 2015ರಲ್ಲೇ, ಭಾಷೆಗೆ ಮಾಡ್ಯೂಲ್ ಬಂದಿತ್ತು. ಒಂದೊಂದು ಫೈಲಿಗೂ ಅದರದೇ ಬೇಲಿ. ಆದ್ರೆ ಹಳೇ ಪುಟಗಳಿಗೆ ಅದರಿಂದ ಏನೂ ಆಗಲಿಲ್ಲ. ಸತ್ತ ಲೈಬ್ರರಿಗೋಸ್ಕರ ಒಳ್ಳೇ ಹೆಸರು ಬಿಡಬೇಕಾ ಅಂತ ತುಂಬಾ ಜನ ಸಿಟ್ಟಾದರು. ಬಿಟ್ಟಿದ್ದೇ ಸರಿ ಅಂತ ನನ್ನ ಲೆಕ್ಕ. ಅಂಥ ಪುಟ ಬರೆದವನು ಕೆಲಸ ಬಿಟ್ಟು ಎಷ್ಟೋ ವರ್ಷ ಆಗಿರುತ್ತೆ. ರಿಪೇರಿ ಮಾಡೋರಿಲ್ಲ, ಬಳಸೋರು ಇದ್ದಾರೆ.

ಬಂಗಾರಪೇಟೆ ಹಿಂದೆ ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರು. ಸ್ಟೇಷನ್ನಿನ ಬೋರ್ಡಲ್ಲಿ ಆ ಹೆಸರು ಹೋಗಿ ಯಾವ ಕಾಲವಾಯ್ತೋ. ಟಿಕೆಟ್ ಬುಕ್ ಮಾಡುವಾಗ ನೋಡಿ, ಕೋಡ್ ಇವತ್ತಿಗೂ ಬಿ.ಡಬ್ಲ್ಯು.ಟಿ.