ಅಡುಗೆಮನೆಯ ಮರ

ಬೆಂಗಳೂರಿನ ನಂದಿನಿ ಲೇಔಟಿನ ಮನೆಗಳಲ್ಲಿ ಅಡುಗೆಮನೆಯ ಗೋಡೆಯನ್ನು ಈ ಕೊನೆಯಿಂದ ಆ ಕೊನೆಯವರೆಗೆ ತುಂಬಿ ನಿಂತಿರುವ, ಹೊಳೆಯುವ ಮೈಯ ಮರದ ಕಪಾಟುಗಳನ್ನು ಕಂಡಾಗಲೆಲ್ಲ, ಈ ವಸ್ತುವಿನ ಚರಿತ್ರೆ ನಮ್ಮಲ್ಲಿ ಎಷ್ಟು ಈಚಿನದೆಂಬ ವಿಸ್ಮಯ ನನಗುಂಟಾಗುತ್ತದೆ. ನಮ್ಮ ಅಜ್ಜಿಯರ ಕಾಲದಲ್ಲಿ ಗೋಡೆಯೊಳಗಣ ಗೂಡು, ತಲೆಯ ಮೇಲಣ ನಾಗಂದಿಗೆ, ತೊಲೆಯಿಂದ ಇಳಿಬಿಟ್ಟ ನೆಲುವು, ಮೂಲೆಯಲ್ಲಿ ಒಂದರ ಮೇಲೊಂದು ಕುಳಿತ ಮಡಕೆಗಳ ಅಡಕಲು, ಇವೇ ಸಕಲ ಸಂಭಾರಗಳಿಗೂ ಆಶ್ರಯವಾಗಿದ್ದವು. ತರುವಾಯ ಬಂದ ಜಾಲರಿಯ ಬೀರು ತನ್ನ ನಾಲ್ಕು ಕಾಲುಗಳನ್ನೂ ನೀರಿನ ಬಟ್ಟಲುಗಳಲ್ಲಿ ಊರಿಕೊಂಡು, ಹಾಲು ಮೊಸರುಗಳನ್ನು ಇರುವೆಗಳಿಂದ ಕಾಯಿತು. ಹಂಡೆಯ ಒಲೆಯುರಿಯುತ್ತಿದ್ದ ಬಚ್ಚಲಿನ ಹೊಗೆಯಲ್ಲಿ, ಆವಿಯಲ್ಲಿ, ಮರದ ಕಪಾಟನ್ನಿಡುವ ಮಾತೇ ಇರಲಿಲ್ಲ.

ಆಗ ಮರದ ಗುಣಕ್ಕೆ ಬಡಗಿಯ ಕಣ್ಣು, ಕಿವಿ, ಮೂಗುಗಳೇ ಪ್ರಮಾಣ. ಮೈಸೂರು ರಸ್ತೆಯ ಟಿಂಬರ್ ಯಾರ್ಡುಗಳಲ್ಲಿ ತೇಗ, ಹೊನ್ನೆ, ಮತ್ತಿ, ನಂದಿ, ಹಲಸುಗಳ ದಿಮ್ಮಿಯನ್ನು ತಟ್ಟಿ ನಾದವನ್ನಾಲಿಸಿ, ಕೊಯ್ಸಿದ ಹಲಗೆಯನ್ನು ತಿಂಗಳುಗಟ್ಟಲೆ ನೆರಳಿನಲ್ಲಿ ಆರಿಸಿ, ಒಂದು ಹಲಗೆಯ ತೂತಿಗೆ ಮತ್ತೊಂದರ ನಾಲಗೆಯನ್ನು ತೂರಿಸಿ ಬಿಗಿಯುತ್ತಿದ್ದ ಆಚಾರಿಗಳಿಗೆ, ಹಸಿಮರವು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಸೀಳುವುದೆಂಬುದನ್ನು ಯಾವ ಗ್ರಂಥವೂ ಕಲಿಸಬೇಕಾಗಿರಲಿಲ್ಲ.

ಪ್ಲೈವುಡ್ ಬಂದು ಈ ಶಾಸ್ತ್ರವನ್ನೇ ಬದಲಿಸಿತು. ದಿಮ್ಮಿಯಿಂದ ಸುರುಳಿಯಾಗಿ ಸುಲಿದ ತೆಳುಪದರಗಳನ್ನು, ಒಂದರ ನಾರು ಉದ್ದಕ್ಕೂ ಮತ್ತೊಂದರದು ಅಡ್ಡಕ್ಕೂ ಬರುವಂತೆ, ಬೆಸಸಂಖ್ಯೆಯಲ್ಲಿ ಜೋಡಿಸಿ ಒತ್ತಿದಾಗ, ಒಂದು ಪದರದ ಹಿಗ್ಗುಕುಗ್ಗುಗಳನ್ನು ಇನ್ನೊಂದು ತಡೆಯುತ್ತದೆ. ಆದರೆ ಹಲಗೆಯ ಆಯುಷ್ಯವು ಅಂದಿನಿಂದ ಮರದಷ್ಟೇ ಅಂಟನ್ನೂ ಅವಲಂಬಿಸಿತು. ಅಂಟಿನೊಳಗಣ ಸತ್ಯವನ್ನು ಯಾವ ಬಡಗಿಯ ಬೆರಳೂ ಅರಿಯಲಾರದು. ಅದನ್ನರಿಯುವ ವಿದ್ಯೆಗೆ ನಂದಿನಿ ಲೇಔಟಿಗೆ ಅನತಿದೂರದಲ್ಲಿಯೇ, ತುಮಕೂರು ರಸ್ತೆಯಲ್ಲಿ, ಒಂದು ಪೀಠವೆದ್ದಿತು: 1962ರಲ್ಲಿ ಸ್ಥಾಪಿತವಾದ ಪ್ಲೈವುಡ್ ಸಂಶೋಧನ ಸಂಸ್ಥೆ. ಅಂಟಿನ ಪರೀಕ್ಷೆ ಹೀಗೆ: ಭಾರತೀಯ ಮಾನಕ 710ರ ಹಲಗೆಯ ಮಾದರಿಯನ್ನು 72 ಗಂಟೆಗಳ ಕಾಲ ನೀರಿನಲ್ಲಿ ಕುದಿಸಿದರೂ ಅದರ ಪದರ ಬಿಡಬಾರದು. ಫಿನಾಲ್ ಅಂಟಿಗೆ ಈ ಸಾಮರ್ಥ್ಯವುಂಟು. ಅಗ್ಗದ ಯೂರಿಯಾ ಅಂಟಿನ ಹಲಗೆಯು ತೇವವನ್ನು ಸ್ವಲ್ಪಮಟ್ಟಿಗೆ ತಾಳೀತೇ ಹೊರತು, ನೀರನ್ನು ತಾಳಲಾರದು.

ಅಂಟಿನಂತೆ ಮರವೂ ಬದಲಾಯಿತು: 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅರಣ್ಯದ ಮರ ಕಡಿಯುವುದನ್ನು ನಿರ್ಬಂಧಿಸಿದ ಮೇಲೆ, ಹಲಗೆಯ ಕಾರ್ಖಾನೆಗಳು ನೀಲಗಿರಿ, ಸಿಲ್ವರ್ ಓಕ್, ರಬ್ಬರ್ ಮುಂತಾದ ತೋಟದ ಮರಗಳನ್ನು ಮತ್ತಷ್ಟು ಆಶ್ರಯಿಸಿದವು. ಇವನ್ನು ಕೀಳೆಂದು ಹಳಿಯುವವರ ಪಕ್ಷ ನನ್ನದಲ್ಲ. ಬೋರಾನ್ ಲವಣದಿಂದ ಸಂಸ್ಕರಿಸಿದ ರಬ್ಬರ್ ಮರವು ಹುಳುವಿನ ಬಾಧೆಯನ್ನು ತಡೆದುಕೊಳ್ಳುತ್ತದೆ, ಕಾಡೂ ಉಳಿಯುತ್ತದೆ. ನನ್ನ ಆಕ್ಷೇಪಣೆ ಬೇರೆಯದು. ಮರದ ಚೂರುಗಳನ್ನು ಒತ್ತಿ ಮಾಡಿದ ಹಲಗೆಗೆ ಚೆಂದದ ಹಾಳೆಯನ್ನಂಟಿಸಿ, ಅದನ್ನು ಸಿಂಕಿನ ಕೆಳಗೂ ಸ್ನಾನಗೃಹದಲ್ಲಿಯೂ ನಿಲ್ಲಿಸುವುದು ಗೃಹಿಣಿಗೆ ಮಾಡುವ ಅನ್ಯಾಯ. ಅಂಚಿನ ಪಟ್ಟಿಯ ಸಂದಿನಲ್ಲಿ ಇಳಿದ ನೀರು ಒಳಗನ್ನು ಹಿಟ್ಟಿನಂತೆ ಉಬ್ಬಿಸುತ್ತದೆ, ಕೀಲಿನ ಮೊಳೆ ಸಡಿಲುತ್ತದೆ, ಬಾಗಿಲು ಜೋತುಬೀಳುತ್ತದೆ. ಒಮ್ಮೆ ಉಬ್ಬಿದ ಅಂತಹ ಹಲಗೆಯನ್ನು ಮೊದಲಿನ ಸ್ಥಿತಿಗೆ ತರುವ ಉಪಾಯವಿಲ್ಲ.

ಆದಕಾರಣ, ಕಪಾಟು ಮಾಡಿಸುವವರು ಬಣ್ಣವನ್ನು ಆರಿಸುವುದಕ್ಕೆ ಮುನ್ನ ಹಲಗೆಯ ಮೇಲಣ ಮೊಹರಿನಲ್ಲಿ 710 ಎಂಬ ಅಂಕಿಯನ್ನು ಹುಡುಕಲಿ. ಕೊಯ್ದ ಅಂಚನ್ನು ಬೆಳಕಿಗೆ ಹಿಡಿದು ನೋಡಲಿ. ಪದರಗಳ ನಡುವೆ ಟೊಳ್ಳು ಕಂಡರೆ, ಹಾಳೆಯನ್ನಂಟಿಸುವ ಮೊದಲೇ ಹಿಂದಿರುಗಿಸಲಿ.