ಕಡೂರು ಅನ್ನೋ ಹೆಸರಿಗೆ ರೇಟ್ ಎಷ್ಟು?

(1/6)
ನಮ್ಮ ಜಿಲ್ಲೆ ಯಾವುದು ಅಂದ್ರೆ ನೀವೆಲ್ಲಾ ಚಿಕ್ಕಮಗಳೂರು ಅಂತೀರ. ನಿಮ್ಮ ಮುತ್ತಜ್ಜನ ಹತ್ತಿರ ಕೇಳಿದ್ದರೆ ಕಡೂರು ಅಂತಿದ್ದರು. 1947ರವರೆಗೆ ಇಡೀ ಜಿಲ್ಲೆಯ ಹೆಸರೇ 'ಕಡೂರು ಡಿಸ್ಟ್ರಿಕ್ಟ್'. ಜಿಲ್ಲಾ ಕಚೇರಿ ಚಿಕ್ಕಮಗಳೂರಿಗೆ ಹೋಗಿ ಎಷ್ಟೋ ದಶಕ ಕಳೆದಿದ್ದರೂ ಹೆಸರು ಮಾತ್ರ ನಮ್ಮ ಊರಿಂದೇ ಇತ್ತು. ಆಮೇಲೆ ಒಂದು ಆದೇಶ ಬಂತು, ಹೆಸರು ಹೋಯ್ತು.

ಅಜ್ಜಂಪುರದವರದ್ದು ಉಲ್ಟಾ ಕಥೆ. ಮೊನ್ನೆ ಮೊನ್ನೆವರೆಗೂ ತರೀಕೆರೆ ತಾಲೂಕಿನ ಒಂದು ಹೋಬಳಿ. 2017ರ ಬಜೆಟ್‌ನಲ್ಲಿ ಘೋಷಣೆಯಾದ 49 ಹೊಸ ತಾಲೂಕುಗಳಲ್ಲಿ ಅದೂ ಒಂದು. ಅಲ್ಲಿರೋ ತಳಿ ಕೇಂದ್ರದ ಅಮೃತಮಹಲ್ ದನ ನೋಡಿದ್ದೀರಲ್ಲ? ಮೈಸೂರು ಒಡೆಯರ ಕಾಲದಲ್ಲಿ ಆ ಇಲಾಖೆಗೆ 'ಬೆಣ್ಣೆ ಚಾವಡಿ' ಅಂತ ಹೆಸರಿತ್ತು. ಅದನ್ನ ಅಮೃತಮಹಲ್ ಮಾಡಿದ್ದು ಟಿಪ್ಪು. ದನ ಅದೇ, ಕಾವಲು ಅದೇ, ಹೆಸರು ಬೇರೆ.

ಇದನ್ನೆಲ್ಲಾ ಈಗ ಯಾಕೆ ಹೇಳ್ತಿದ್ದೀನಿ ಅಂದ್ರೆ, ನಮ್ಮ ಕ್ಲಾಸಿನ ಒಬ್ಬ ಸ್ಕಾಲರ್‌ಶಿಪ್ ದುಡ್ಡಲ್ಲಿ ಎಂಟು ಡೊಮೇನ್ ಹೆಸರು ತಗೊಳ್ತೀನಿ ಅಂತ ಕೂತಿದ್ದಾನೆ. ರೀಲ್ ನೋಡಿದ್ದಾನೆ. "ಐನೂರಕ್ಕೆ ತಗೊಂಡು ಐದು ಲಕ್ಷಕ್ಕೆ ಮಾರಿ." ಅವನಿಗೆ ಫೋನಲ್ಲಿ ಹೇಳಿ ಹೇಳಿ ಸಾಕಾಯ್ತು, ಅದಕ್ಕೆ ಇಲ್ಲಿ ಬರೀತಿದ್ದೀನಿ. ನೀವೂ ಓದಿ, ಅವನೂ ಓದ್ತಾನೆ.

(2/6)
ಡಾಟ್ ಇನ್ ಅಂದ್ರೆ ಇಂಡಿಯಾ. ಈ ಎರಡೆರಡು ಅಕ್ಷರ ಯಾರ ಕಲ್ಪನೆಯೂ ಅಲ್ಲ, ಐಎಸ್‌ಒ 3166 ಅನ್ನೋ ಒಂದು ಪಟ್ಟಿ ಮೊದಲೇ ಇತ್ತು. ಅಮೆರಿಕದ ಜಾನ್ ಪೋಸ್ಟೆಲ್ ಅನ್ನೋ ವಿಜ್ಞಾನಿ ಎಂಬತ್ತರ ದಶಕದಲ್ಲಿ ಇಂಟರ್ನೆಟ್ಟಿನ ಹೆಸರುಗಳ ಲೆಕ್ಕ ನೋಡ್ಕೊಳ್ತಿದ್ರು. ಯಾವುದು ದೇಶ, ಯಾವುದು ಅಲ್ಲ ಅನ್ನೋ ಜಗಳ ನನಗೆ ಬೇಡಪ್ಪಾ ಅಂತ ಅವರು ಆ ಪಟ್ಟಿಯನ್ನೇ ಹಿಡಿದುಕೊಂಡ್ರು. ಜಾಣತನ ಅಂದ್ರೆ ಅದು.

ಡಾಟ್ ಇನ್ ನಮ್ಮ ದೇಶಕ್ಕೆ ಸಿಕ್ಕಿದ್ದು 1989ರ ಮೇನಲ್ಲಿ. ಆಗ ಜನಸಾಮಾನ್ಯರಿಗೆ ಇಂಟರ್ನೆಟ್ಟೇ ಇರಲಿಲ್ಲ. ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಕನೆಕ್ಷನ್ ಕೊಡೋಕೆ ಶುರು ಮಾಡಿದ್ದು 1995ರ ಆಗಸ್ಟ್ 15ಕ್ಕೆ. ಹೆಸರುಗಳ ಜವಾಬ್ದಾರಿ ಮುಂಬೈನ ಎನ್‌ಸಿಎಸ್‌ಟಿ ಅನ್ನೋ ಸರ್ಕಾರಿ ಸಂಸ್ಥೆಯದ್ದು. ನಿಯಮ ಬಹಳ ಬಿಗಿ. ಹಾಗಾಗಿ 1992ರಿಂದ 2004ರವರೆಗೆ ನೋಂದಣಿ ಆಗಿದ್ದು ಸುಮಾರು 7000 ಹೆಸರು ಮಾತ್ರ. ಇಡೀ ಭಾರತಕ್ಕೆ!

2005ರ ಜನವರಿ 1ಕ್ಕೆ ಬಾಗಿಲು ತೆರೀತು. ನಿಕ್ಸಿ ಅನ್ನೋ ಸಂಸ್ಥೆಯ ಕೈಗೆ ರಿಜಿಸ್ಟ್ರಿ ಬಂತು. ಮೊದಲು ಟ್ರೇಡ್‌ಮಾರ್ಕ್ ಇದ್ದವರಿಗೆ ಅವಕಾಶ, ಫೆಬ್ರವರಿ 16ರಿಂದ ಎಲ್ಲರಿಗೂ. ಜಾತ್ರೆ ಬಸ್ಸಿಗೆ ಕಿಟಕಿಯಿಂದ ಟವೆಲ್ ಹಾಕಿ ಸೀಟ್ ಹಿಡೀತಾರಲ್ಲ, ಹಾಗೆ ಹಿಡಿದ್ರು. 2010ರ ಮಾರ್ಚ್ ಹೊತ್ತಿಗೆ ಸಂಖ್ಯೆ 6 ಲಕ್ಷದ 10 ಸಾವಿರ ದಾಟಿತ್ತು.

ಈಗ ಯೋಚ್ನೆ ಮಾಡಿ. ಒಂದೇ ಪದದ ಚಂದದ ಹೆಸರು, ಮೂರಕ್ಷರದ ಹೆಸರು, ದೊಡ್ಡ ಊರುಗಳ ಹೆಸರು, ಇವೆಲ್ಲಾ ಆಗಲೇ ಹೋದವು. ನಮ್ಮಲ್ಲಿ ಬಹಳ ಜನ ಆಗ ಹುಟ್ಟೇ ಇರಲಿಲ್ಲ. ರೀಲ್‌ನಲ್ಲಿ ತೋರಿಸೋ ಲಾಭದ ಕಥೆಗಳಲ್ಲಿ ಬಹುಪಾಲು ಆ ಬಸ್ಸಲ್ಲಿ ಸೀಟ್ ಸಿಕ್ಕವರ ಕಥೆ.

(3/6)
ಹೆಸರಿಗೆ ಅಷ್ಟು ದುಡ್ಡು ಅನ್ನೋ ನಂಬಿಕೆ ನಮ್ಮ ದೇಶದಲ್ಲಿ ಎಲ್ಲಿಂದ ಬಂತು? 1999ರ ನವೆಂಬರ್. ಸತ್ಯಂ ಇನ್ಫೋವೇ ಕಂಪನಿ ರಾಜೇಶ್ ಜೈನ್ ಅವರ ಇಂಡಿಯಾವರ್ಲ್ಡ್ ಅನ್ನು 499 ಕೋಟಿ ರೂಪಾಯಿಗೆ ಕೊಳ್ಳೋಕೆ ಒಪ್ಪಿತು. ಅದರ ಜೊತೆ ಖೋಜ್, ಖೇಲ್, ಬಾವರ್ಚಿ ಅನ್ನೋ ಹೆಸರಿನ ಸೈಟ್‌ಗಳು ಬಂದವು. ಜನ ಬಾಯಿ ಮೇಲೆ ಬೆರಳಿಟ್ಟುಕೊಂಡ್ರು. ಹೆಸರುಗಳಿಗೇ ಅಷ್ಟು ದುಡ್ಡು ಅಂತ ಅಂದುಕೊಂಡವರು ಎಷ್ಟೋ. ಆದರೆ ಆ ಹೆಸರುಗಳ ಹಿಂದೆ ನಾಲ್ಕೈದು ವರ್ಷದ ಕೆಲಸ ಇತ್ತು, ದಿನಾ ಬಂದು ಓದೋ ಜನ ಇದ್ರು. ಬರೀ ಬೋರ್ಡ್ ಅಲ್ಲ, ಅಂಗಡಿ ನಡೀತಿತ್ತು.

ಅದೇ ಸತ್ಯಂ ಇನ್ಫೋವೇ ಮುಂದೆ ಬೆಂಗಳೂರಿನ ಕೋರ್ಟಿಗೆ ಬಂತು. ನನಗೆ ಇಡೀ ಇತಿಹಾಸದಲ್ಲಿ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನವಾಗಿ ಓದಿ.

ಕಂಪನಿ ತನ್ನ ಹೆಸರಿನ ಅಕ್ಷರಗಳನ್ನೇ ಸೇರಿಸಿ 'ಸಿಫಿ' ಅನ್ನೋ ಹೊಸ ಪದ ಹುಟ್ಟಿಸಿತ್ತು. 1999ರಲ್ಲೇ ಅದರ ಡೊಮೇನ್‌ಗಳನ್ನ ನೋಂದಾಯಿಸಿತ್ತು. 2001ರಲ್ಲಿ ಸಿಫಿನೆಟ್ ಸೊಲ್ಯೂಷನ್ಸ್ ಅನ್ನೋ ಇನ್ನೊಂದು ಕಂಪನಿ, ಇಂಗ್ಲಿಷಿನಲ್ಲಿ ಒಂದು 'ಎಫ್' ಜಾಸ್ತಿ ಹಾಕಿ, ಅದೇ ಥರ ಕೇಳಿಸೋ ಡೊಮೇನ್ ತಗೊಂಡಿತು. ಬೆಂಗಳೂರು ಸಿಟಿ ಸಿವಿಲ್ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಕರ್ನಾಟಕ ಹೈಕೋರ್ಟ್ ಆ ತಡೆಯನ್ನ ತೆಗೆದು ಹಾಕಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯ್ತು.

ಎದುರು ಪಾರ್ಟಿ ಹೇಳಿದ್ದೇನು ಗೊತ್ತಾ? ನಾವು ಯಾರದ್ದೂ ಕಾಪಿ ಮಾಡಿಲ್ಲ, ನಮ್ಮ ಐದು ಜನ ಪ್ರೊಮೋಟರ್‌ಗಳ ಹೆಸರಿನ ಮೊದಲ ಅಕ್ಷರ ಜೋಡಿಸಿದ್ರೆ ಈ ಪದ ಬರುತ್ತೆ ಅಂತ! ಸುಪ್ರೀಂ ಕೋರ್ಟ್ ನಂಬಲಿಲ್ಲ. 2004ರ ಮೇ 6ರಂದು ನ್ಯಾಯಮೂರ್ತಿ ರುಮಾ ಪಾಲ್ ಮತ್ತು ನ್ಯಾಯಮೂರ್ತಿ ವೆಂಕಟರಾಮ ರೆಡ್ಡಿ ಅವರ ಪೀಠ ಸಿವಿಲ್ ಕೋರ್ಟಿನ ತಡೆಯನ್ನ ಮತ್ತೆ ಜಾರಿಗೆ ತಂತು. ಡೊಮೇನ್ ಹೆಸರು ಬರೀ ವಿಳಾಸ ಅಲ್ಲ, ಅದಕ್ಕೂ ಟ್ರೇಡ್‌ಮಾರ್ಕಿನ ಗುಣ ಇದೆ, ಇನ್ನೊಬ್ಬರ ಹೆಸರಿನ ಮೇಲೆ ಸವಾರಿ ಮಾಡೋಕೆ ಬಿಡಲ್ಲ ಅನ್ನೋದು ತೀರ್ಪಿನ ತಿರುಳು. ಡೊಮೇನ್ ಜಗಳಕ್ಕೇ ಅಂತ ದೇಶದಲ್ಲಿ ಬೇರೆ ಕಾನೂನೇ ಇರಲಿಲ್ಲ ಆಗ.

ಮುಂದಿನ ವರ್ಷ, 2005ರಲ್ಲಿ, ಡಾಟ್ ಇನ್ ಹೆಸರುಗಳಿಗೆ ಐಎನ್‌ಡಿಆರ್‌ಪಿ ಅನ್ನೋ ವ್ಯಾಜ್ಯ ನೀತಿ ಬಂತು. ಟ್ರೇಡ್‌ಮಾರ್ಕ್ ಇರೋ ಕಂಪನಿಗೇ ಜಾಸ್ತಿ ದುಡ್ಡಿಗೆ ಮಾರಬೇಕು ಅನ್ನೋ ಉದ್ದೇಶದಿಂದ ಹೆಸರು ತಗೊಂಡಿದ್ದರೆ ಅದನ್ನ ದುರುದ್ದೇಶ ಅಂತಲೇ ಲೆಕ್ಕ ಹಿಡೀತಾರೆ. ಅಂದ್ರೆ ರೀಲ್‌ನಲ್ಲಿ 'ಬಿಸಿನೆಸ್ ಐಡಿಯಾ' ಅಂತ ಹೇಳಿಕೊಡೋದು ಏನಿದೆಯೋ, ನೀತಿಯಲ್ಲಿ ಅದೇ ನಿಮ್ಮ ವಿರುದ್ಧದ ಸಾಕ್ಷಿ. ಹೆಸರೂ ಹೋಗುತ್ತೆ, ಕಟ್ಟಿದ ದುಡ್ಡೂ ಹೋಗುತ್ತೆ.

(4/6)
ಹಾಗಾದ್ರೆ ದುಡ್ಡು ಮಾಡಿದವರು ಯಾರೂ ಇಲ್ವಾ? ಇದ್ದಾರೆ. ಎಲ್ಲಕ್ಕಿಂತ ಚೆನ್ನಾಗಿ ಮಾಡಿದ್ದು ಅದೃಷ್ಟ ಇದ್ದ ದೇಶಗಳು.

ಪೆಸಿಫಿಕ್ ಸಮುದ್ರದಲ್ಲಿ ಟುವಾಲು ಅಂತ ಒಂದು ದೇಶ. ಜನಸಂಖ್ಯೆ ಸುಮಾರು 11 ಸಾವಿರ. ಪಟ್ಟಿಯಲ್ಲಿ ಅದಕ್ಕೆ ಸಿಕ್ಕಿದ ಅಕ್ಷರ 'ಟಿವಿ'. 2000ದಲ್ಲಿ ಒಂದು ಕಂಪನಿ 12 ವರ್ಷಕ್ಕೆ 5 ಕೋಟಿ ಡಾಲರ್ ಕೊಡ್ತೀನಿ ಅಂತು. ಆ ದುಡ್ಡಿನ ಸಹಾಯದಿಂದಲೇ ಟುವಾಲು ಅದೇ ವರ್ಷ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಸದಸ್ಯ ಆಯ್ತು. ಕೆರಿಬಿಯನ್ನಿನ ಅಂಗ್ವಿಲಾ ಅನ್ನೋ ದ್ವೀಪಕ್ಕೆ ಸಿಕ್ಕಿದ್ದು 'ಎಐ'. 1995ರಲ್ಲಿ ಸಿಕ್ಕಾಗ ಯಾರಿಗೆ ಗೊತ್ತಿತ್ತು ಹೇಳಿ? ಚಾಟ್‌ಜಿಪಿಟಿ ಬಂದ ಮೇಲೆ, 2023ರಲ್ಲಿ ಆ ದ್ವೀಪಕ್ಕೆ ಬರೀ ಹೆಸರು ನೋಂದಣಿಯಿಂದ ಬಂದಿದ್ದು ಸುಮಾರು 3.2 ಕೋಟಿ ಡಾಲರ್. ಸರ್ಕಾರದ ಆದಾಯದಲ್ಲಿ ಐದನೇ ಒಂದು ಭಾಗಕ್ಕೂ ಜಾಸ್ತಿ.

ಗಮನಿಸಿ, ಇಲ್ಲಿ ಖಾತ್ರಿ ದುಡ್ಡು ಹೋಗಿದ್ದು ಹೆಸರು ಕೊಂಡವರಿಗಲ್ಲ, ಹೆಸರು ಮಾರುವ ಸರ್ಕಾರಕ್ಕೆ. ಜಾತ್ರೆಯಲ್ಲಿ ಯಾರ ವ್ಯಾಪಾರ ಆಗ್ಲಿ ಬಿಡ್ಲಿ, ಸುಂಕ ವಸೂಲಿ ಮಾಡೋನಿಗೆ ನಷ್ಟ ಇಲ್ಲವಲ್ಲ, ಹಾಗೆ.

ದೇಶ ಸತ್ತರೆ? ಯುಗೊಸ್ಲಾವಿಯ ಒಡೆದು ಹೋಯ್ತು, 2010ರ ಮಾರ್ಚ್ 30ಕ್ಕೆ ಡಾಟ್ ವೈಯು ಬಂದ್. ಆ ಹೆಸರುಗಳೆಲ್ಲಾ ಮಾಯ. ಸೋವಿಯತ್ ಒಕ್ಕೂಟ ಹೋಗಿ ಮೂವತ್ತು ವರ್ಷ ದಾಟಿದ್ರೂ ಡಾಟ್ ಎಸ್‌ಯು ಇನ್ನೂ ಬದುಕಿದೆ, ಅದು ಬೇರೆ ವಿಚಿತ್ರ. ಟೆಕ್ ಕಂಪನಿಗಳು ಇಷ್ಟಪಡೋ ಡಾಟ್ ಐಒ ಚಾಗೋಸ್ ದ್ವೀಪಗಳದ್ದು. ಅವನ್ನ ಮಾರಿಷಸ್‌ಗೆ ಬಿಟ್ಟುಕೊಡೋದಾಗಿ ಬ್ರಿಟನ್ 2024ರ ಅಕ್ಟೋಬರಿನಲ್ಲಿ ಹೇಳಿದ ದಿನದಿಂದ ಆ ಹೆಸರು ಇಟ್ಟುಕೊಂಡವರಿಗೆಲ್ಲಾ ನಿದ್ದೆ ಇಲ್ಲ. ಕಡೂರು ಡಿಸ್ಟ್ರಿಕ್ಟ್ ನೆನಪಾಯ್ತಾ?

(5/6)
ನಮ್ಮಲ್ಲೂ ಇಂಥದ್ದು ಆಗಿದೆ. 2014ರ ನವೆಂಬರ್ 1ಕ್ಕೆ ಕರ್ನಾಟಕದ 12 ಊರುಗಳ ಇಂಗ್ಲಿಷ್ ಸ್ಪೆಲಿಂಗ್ ಬದಲಾಯ್ತು. ಬ್ಯಾಂಗಲೋರ್ ಹೋಗಿ ಬೆಂಗಳೂರು, ಶಿಮೊಗ ಹೋಗಿ ಶಿವಮೊಗ್ಗ, ಚಿಕ್‌ಮಗಳೂರ್ ಹೋಗಿ ಚಿಕ್ಕಮಗಳೂರು. ಹಳೇ ಸ್ಪೆಲಿಂಗಿನ ಡೊಮೇನ್ ಹಿಡಿದುಕೊಂಡವರು ಹೊಸ ಸ್ಪೆಲಿಂಗಿಗೆ ಓಡಬೇಕಾಯ್ತು. ಆದರೂ ಹೋಮ್‌ಸ್ಟೇ ಹುಡುಕೋರು ಇವತ್ತಿಗೂ ಹಳೇದನ್ನೇ ಟೈಪ್ ಮಾಡ್ತಾರೆ! ಯಾವುದಕ್ಕೆ ಬೆಲೆ ಅಂತ ಆದೇಶ ಒಂದೇ ತೀರ್ಮಾನ ಮಾಡಲ್ಲ, ಜನರ ಬೆರಳೂ ಮಾಡುತ್ತೆ.

ಕನ್ನಡ ಲಿಪಿಯಲ್ಲೇ ಡೊಮೇನ್ ಇದೆ ಅಂತ ಎಷ್ಟು ಜನಕ್ಕೆ ಗೊತ್ತು? ಕೊನೆಯಲ್ಲಿ ಡಾಟ್ ಇನ್ ಬದಲು '.ಭಾರತ'. ನಮ್ಮ ದೇಶಕ್ಕೆ ಹೀಗೆ ದೇಶಭಾಷೆಗಳಲ್ಲಿ 15 ಇವೆ, ದೇವನಾಗರಿಯದ್ದು 2014ರಲ್ಲಿ ಮೊದಲು ಶುರುವಾಯ್ತು. ಕಂಪ್ಯೂಟರ್ ಒಳಗೆ ಮಾತ್ರ ಅದು ಇಂಗ್ಲಿಷ್ ಅಕ್ಷರಗಳ ಒಂದು ವಿಚಿತ್ರ ಸಾಲಾಗಿ ಬದಲಾಗುತ್ತೆ. ಎಷ್ಟೋ ಫಾರ್ಮ್‌ಗಳು, ಇಮೇಲ್‌ಗಳು ಅದನ್ನ ಒಪ್ಪಲ್ಲ. ನನಗೆ ಇದು ಬಹಳ ಇಷ್ಟ, ಆದರೆ ಮಾರಿ ಲಾಭ ಮಾಡ್ತೀನಿ ಅನ್ನೋರಿಗೆ ಹೇಳಲ್ಲ.

ಇನ್ನೊಂದು ಬದಲಾವಣೆ. ಬ್ಯಾಂಕುಗಳೆಲ್ಲಾ 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್'ಗೆ ಹೋಗಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತು. ಆ ಹೆಸರು ಕೊಡೋದು ಹೈದರಾಬಾದಿನ ಐಡಿಆರ್‌ಬಿಟಿ ಒಂದೇ, ಅದೂ ಬ್ಯಾಂಕಿಗೆ ಮಾತ್ರ. ಬ್ಯಾಂಕಿನ ಹೆಸರನ್ನೇ ಹೋಲುವ ಡೊಮೇನ್ ಮಾಡಿ ಜನರಿಗೆ ಟೋಪಿ ಹಾಕೋದನ್ನ ತಡೆಯೋಕೆ. ಮನೇಲಿ ಅಪ್ಪ ಅಮ್ಮನಿಗೆ ಇದನ್ನ ಹೇಳಿಕೊಡಿ, ಲಿಂಕ್ ಒತ್ತೋ ಮುಂಚೆ ಕೊನೆ ನೋಡೋದು ಅಭ್ಯಾಸ ಆಗ್ಲಿ.

(6/6)
ಈಗ ನಮ್ಮ ಹುಡುಗನ ಲೆಕ್ಕ. ಅಡಿಕೆ ಹೋಲಿಕೆ ಕೊಟ್ಟ ಅವನು: "ಅಪ್ಪ ರೇಟ್ ಬರ್ಲಿ ಅಂತ ಅಡಿಕೆ ಇಟ್ಕೊಳ್ಳಲ್ವಾ, ಹಾಗೇ ಇದು." ಹಾಗಲ್ಲ ಕಣೋ. ಅಡಿಕೆಗೆ ಬೀರೂರಲ್ಲೋ ತರೀಕೆರೆಯಲ್ಲೋ ಇವತ್ತೇ ಒಂದು ರೇಟ್ ಇದೆ. ಕಮ್ಮಿ ಇರಬಹುದು, ಆದರೆ ಕೊಳ್ಳೋನು ಇದ್ದಾನೆ. ಡೊಮೇನ್‌ಗೆ ಮಂಡಿ ರೇಟ್ ಇಲ್ಲ. ಆ ಒಂದು ಹೆಸರೇ ಬೇಕು ಅನ್ನೋ ಒಬ್ಬ ಮನುಷ್ಯ ಹುಟ್ಟಬೇಕು, ಅವನ ಹತ್ರ ದುಡ್ಡಿರಬೇಕು, ಅವನಿಗೆ ಪಕ್ಕದ ಇನ್ನೊಂದು ಹೆಸರು ಸಾಲದೇ ಇರಬೇಕು. ಅಲ್ಲೀವರೆಗೂ ಪ್ರತಿ ವರ್ಷ ಬಾಡಿಗೆ. ಮೊದಲ ವರ್ಷ ಆಫರ್ ರೇಟ್, ರಿನ್ಯೂವಲ್‌ಗೆ ಪೂರ್ತಿ ರೇಟ್. ಒಂದಕ್ಕೆ ವರ್ಷಕ್ಕೆ 700 ಅಂತ ಇಟ್ಕೊಳ್ಳಿ, ಎಂಟಕ್ಕೆ 5600, ಐದು ವರ್ಷಕ್ಕೆ 28,000. ಒಂದು ವರ್ಷ ಕಟ್ಟೋದು ಮರೆತ್ರೆ ಕೈಯಲ್ಲಿ ಏನೂ ಇಲ್ಲ. ಕೆಟ್ಟ ಅಡಿಕೆನಾದ್ರೂ ಚೀಲದಲ್ಲಿ ಇರುತ್ತೆ.

ಮೊನ್ನೆ ಭಾನುವಾರ ಕಡೂರು ಬಸ್‌ಸ್ಟ್ಯಾಂಡ್ ಹತ್ತಿರ ಟೀ ಕುಡೀತಾ ಅವನ ಎಂಟು ಹೆಸರು ನೋಡಿದ್ವಿ. ಮೂರರಲ್ಲಿ ದೊಡ್ಡ ಕಂಪನಿಗಳ ಹೆಸರಿತ್ತು, ಹೊಡೆದು ಹಾಕಿದ್ವಿ. ಒಂದು ಬ್ಯಾಂಕಿನ ಹೆಸರಿಗೆ 'ಲೋನ್' ಸೇರಿಸಿದ್ದು, ಅದಕ್ಕೆ ನಾನು ಬೈದೆ. ಒಂದು ಡಾಟ್ ಎಐ, ಅದನ್ನ ಕಮ್ಮಿ ಅಂದ್ರೂ ಎರಡು ವರ್ಷಕ್ಕೆ ತಗೋಬೇಕು, ರೇಟ್ ನೋಡಿ ಅವನೇ ಬಿಟ್ಟ. ಎರಡು ಆಗಲೇ ಯಾರದ್ದೋ ಕೈಯಲ್ಲಿದ್ದವು.

ಎಂಟನೇದು ಅವರಮ್ಮ ಮಾಡೋ ಹಪ್ಪಳ-ಸಂಡಿಗೆಗೆ ಅಂತ ಅವನೇ ಇಟ್ಟ ಹೆಸರು, ಹಿಂದೆ ಅಜ್ಜಂಪುರ ಅಂತ ಸೇರಿಸಿದ್ದು. "ಇದನ್ನ ಯಾರು ತಗೋತಾರೆ" ಅಂತ ಅವನೇ ನಕ್ಕ. ಸ್ವಲ್ಪ ಹೊತ್ತು ಸುಮ್ಮನಿದ್ದು ಅದನ್ನೇ ತಗೊಂಡ, ಒಂದು ವರ್ಷಕ್ಕೆ. ರಿನ್ಯೂವಲ್ ತಾರೀಖನ್ನ ಅವರ ಮನೆ ಗೋಡೆ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಲ್ಲಿ ಗುರುತು ಹಾಕಿಸಿದ್ದೀನಿ.